ವಿಕಾಸದ ಪಾಠಕ್ಕೆ ಮೆಣಸಿನ ಬಳ್ಳಿ

ಕಾರ್ಯಾನುರೂಪಿ ಅಂಗಗಳೆಂದರೆ ನಮ್ಮ ಪಾಠಯೋಜನೆಗಳಲ್ಲಿ ಹಕ್ಕಿ, ಬಾವಲಿಗಳ ರೆಕ್ಕೆಯ ಚಾರ್ಟ್ ಬಿಟ್ಟು ಬೇರೆ ಬರುವುದೇ ಅಪರೂಪ. ತರೀಕೆರೆಯ ಅಡಿಕೆ ತೋಟದಿಂದ ಬರುವ ಮಕ್ಕಳಿಗೆ ಇದೊಂದೇ ಉದಾಹರಣೆ ಸಾಕೇ? ಅಡಿಕೆ ಮರ ಹತ್ತಿದ ಮೆಣಸಿನ ಬಳ್ಳಿಯ ಗೆಣ್ಣುಗಳಲ್ಲಿ ಅಂಟುಬೇರುಗಳಿವೆ. ಯುರೋಪಿನ ಗೋಡೆಗಳಿಗೆ ಹಬ್ಬುವ ಐವಿಯೂ ಹೀಗೆಯೇ ಬೇರು ಕಚ್ಚಿ ಏರುತ್ತದೆ. ಆದರೂ ಇವೆರಡೂ ನೆಂಟರಲ್ಲ. ಐವಿ ಅರೇಲಿಯೇಸೀ ಕುಟುಂಬದ್ದು, ಕ್ಯಾರೆಟ್, ಕೊತ್ತಂಬರಿಗಳ ಕಡೆಯ ಬಳಗ. ಮೆಣಸು ನಮ್ಮ ಪಶ್ಚಿಮಘಟ್ಟದ್ದೇ, ವೀಳ್ಯದೆಲೆಯ ಸೋದರ. ಹತ್ತುವ ಉಪಾಯ ಎರಡು ಕಡೆ ಬೇರೆಬೇರೆಯಾಗಿ ವಿಕಾಸವಾಯಿತು.

ಐವಿಯೊಳಗಿನ ಕವಲುಗಳೂ ಪಾಠಕ್ಕೆ ಒದಗುತ್ತವೆ. ಹೆಡೆರಾ ಹೆಲಿಕ್ಸ್‌ನಲ್ಲಿ 48 ವರ್ಣತಂತುಗಳು, ಅಟ್ಲಾಂಟಿಕ್ ತೀರದ ಹೆಡೆರಾ ಹೈಬರ್ನಿಕಾದಲ್ಲಿ 96. ವರ್ಣತಂತು ಇಮ್ಮಡಿಯಾಗಿ ಪ್ರಭೇದ ಕವಲೊಡೆಯುವುದನ್ನು ಹೇಳಲು ಇದಕ್ಕಿಂತ ಸರಳ ಲೆಕ್ಕ ಬೇಕಿಲ್ಲ.

ಕಡೂರು, ಅಜ್ಜಂಪುರದ ಬಯಲಿನ ಶಾಲೆಗಳಲ್ಲಿ ಮೆಣಸು ಎಲ್ಲಿಂದ ತರೋಣ ಎನ್ನಬಹುದು. ಬೇಲಿಯ ಮೇಲೆ ತೊಂಡೆ ಇದೆಯಲ್ಲ! ಅದರ ಬಳ್ಳಿಕುಡಿ ಕವಲಿನ ರೂಪಾಂತರ. ಬಟಾಣಿಯದು ಎಲೆಯ ರೂಪಾಂತರ. ಎರಡನ್ನೂ ಪಕ್ಕಪಕ್ಕ ಮೇಜಿನ ಮೇಲಿಟ್ಟರೆ ಮಕ್ಕಳೇ ಪ್ರಶ್ನೆ ಕೇಳುತ್ತಾರೆ. ಡಾರ್ವಿನ್ 1865ರಲ್ಲಿ ಬಳ್ಳಿಗಳ ಬಗ್ಗೆಯೇ ದೀರ್ಘ ಪ್ರಬಂಧ ಬರೆದದ್ದು ಇಂಥ ಕುಡಿಗಳನ್ನು ಗಂಟೆಗಟ್ಟಲೆ ನೋಡಿಯೇ.

ಬೋಧನಾಭ್ಯಾಸದ ಮೌಲ್ಯಮಾಪನ ನಮೂನೆಯಲ್ಲಿ ಚಾರ್ಟಿಗೆ ಅಂಕವಿದೆ. ಬೇಲಿಯಿಂದ ಕಿತ್ತು ತಂದ ಕುಡಿಗೂ ಅಷ್ಟೇ ಅಂಕ ಕೊಡಿ ಎಂದು ನಮ್ಮ ಮಾರ್ಗದರ್ಶಕ ಉಪನ್ಯಾಸಕರನ್ನು ಕೇಳುತ್ತೇನೆ.