ಹೆಸರು ಕೇಳಬೇಕೆ, ಒರೆಗೆ ಹಚ್ಚಬೇಕೆ?

1902ನೆಯ ಇಸವಿಯ ಜೂನ್ ತಿಂಗಳ ಕೊನೆಯಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಸುಮಾರು 92 ಮೈಲಿಗಳ ದೂರವನ್ನು ತಂತಿಯ ಮೂಲಕ ಕ್ರಮಿಸಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತೆಂಬುದನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಅಷ್ಟಾಗಿ ಪ್ರಚಾರದಲ್ಲಿಲ್ಲದ ಸಂಗತಿಯೊಂದಿದೆ. ಆ ವಿದ್ಯುತ್ತಿನ ಆವೃತ್ತಿ ಸೆಕೆಂಡಿಗೆ 25 ಸೈಕಲ್. ಇಂದು ನಮ್ಮ ಮನೆಗಳಿಗೆ ಬರುವುದು 50 ಸೈಕಲ್. ಐವತ್ತಕ್ಕೆಂದು ಮಾಡಿದ ಮೋಟಾರನ್ನು ಅದೇ ವೋಲ್ಟಿನ ಇಪ್ಪತ್ತೈದರ ತಂತಿಗೆ ಜೋಡಿಸಿದರೆ ಅದು ಅರೆವೇಗದಲ್ಲಿ ತಿರುಗುತ್ತದೆ. ಅಷ್ಟೇ ಅಲ್ಲ, ಅದರ ಕಬ್ಬಿಣದ ತಿರುಳು ತಾಳಲಾರದಷ್ಟು ಕಾಂತಗುಣವನ್ನು ಹೊರಬೇಕಾಗಿ ಬಂದು, ಸುರುಳಿಗಳಲ್ಲಿ ಮಿತಿಮೀರಿದ ಪ್ರವಾಹ ಹರಿದು, ಕಾದು ಸುಟ್ಟುಹೋಗಲೂಬಹುದು. ಆದಕಾರಣವೇ ಪ್ರತಿಯೊಂದು ಮೋಟಾರಿನ ಮೈಮೇಲೂ ವೋಲ್ಟು, ಫೇಸು, ಆವೃತ್ತಿ ಎಂದು ಕೆತ್ತಿದ ತಗಡೊಂದನ್ನು ಹೊಡೆದಿರುತ್ತಾರೆ. ವೋಲ್ಟೊಂದನ್ನೇ ಓದಿ ಮುಂದುವರಿದವನಿಗೆ ಕೇಡು ತಪ್ಪಿದ್ದಲ್ಲ.

ಗಣಕಯಂತ್ರದ ಪ್ರೋಗ್ರಾಮುಗಳಿಗೂ ಇಂಥದೇ ತೊಡಕುಂಟು. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಪ್ರೊಸೆಸರಿಗೆ ಅರ್ಥವಾಗುವ ಆದೇಶಗಳನ್ನಾಗಿ ಮಾರ್ಪಡಿಸುವ ಸಾಧನವೇ ಕಂಪೈಲರ್. ಕಂಪೈಲರುಗಳು ಹಲವು, ಪ್ರೊಸೆಸರುಗಳೂ ಹಲವು, ಅವುಗಳ ಮೇಲೆ ನಡೆಯುವ ಆಪರೇಟಿಂಗ್ ವ್ಯವಸ್ಥೆಗಳೂ ಹಲವು. ಒಂದೇ ಪ್ರೋಗ್ರಾಮು ಇವೆಲ್ಲವುಗಳಲ್ಲಿಯೂ ನಡೆಯಬೇಕಾದರೆ, ಅದನ್ನು ಕಟ್ಟುವ ಮೊದಲು ಯಾರಾದರೂ ಎರಡು ಪ್ರಶ್ನೆಗಳನ್ನು ಕೇಳಲೇಬೇಕು: ನಮ್ಮ ಕೈಯಲ್ಲಿರುವ ಕಂಪೈಲರ್ ಯಾವುದು? ಸಿದ್ಧವಾದ ಪ್ರೋಗ್ರಾಮು ನಡೆಯಬೇಕಾದುದು ಯಾವ ಯಂತ್ರದ ಮೇಲೆ? ಈ ಪ್ರಶ್ನೆಗಳನ್ನು ಕೇಳಿ, ಬಂದ ಉತ್ತರಕ್ಕೆ ತಕ್ಕಂತೆ ಕೆಲಸವನ್ನು ಹೊಂದಿಸುವ ಸಾಧನಕ್ಕೆ ಬಿಲ್ಡ್ ವ್ಯವಸ್ಥೆಯೆಂದು ಹೆಸರು. 1991ರಲ್ಲಿ ಆರಂಭವಾದ ಆಟೋಕಾನ್ಫ್, ಅದಕ್ಕೆ ಸುಮಾರು ಒಂದು ದಶಕದ ತರುವಾಯ ಬಂದ ಸಿಮೇಕ್, ಇವು ಪ್ರಸಿದ್ಧವಾದವು. ಈ ಪ್ರಶ್ನೆಗಳನ್ನು ಕೇಳುವ ರೀತಿಯಲ್ಲಿ ಬೇರೂರಿರುವ ಒಂದು ದುರಭ್ಯಾಸವನ್ನು ಕುರಿತು ಹೇಳುವುದೇ ನಮ್ಮ ಈ ಲೇಖನದ ಉದ್ದೇಶ.

ಕೆಲವು ತಿಂಗಳ ಹಿಂದೆ ಉರಿಗಾಮಿನ ವಿದ್ಯಾರ್ಥಿನಿಯೊಬ್ಬಳು ತನ್ನ ಕಷ್ಟವನ್ನು ನಮಗೆ ತೋರಿಸಿದಳು. ಅವಳಲ್ಲಿ ಇದ್ದುದು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕ. ಧ್ವನಿಮುದ್ರಣಕ್ಕೆ ಸಂಬಂಧಿಸಿದ ಪ್ರೋಗ್ರಾಮೊಂದನ್ನು ಅದರಲ್ಲಿ ಕಟ್ಟಲು ಹೊರಟರೆ ನೂರಾರು ತಪ್ಪುಗಳ ಪಟ್ಟಿ ಬರುತ್ತಿತ್ತು. ಮೂರು ದಿನ ತಿಣುಕಿದ ಮೇಲೆ ಆಕೆ, ಸಿ ಭಾಷೆ ತನ್ನ ತಲೆಗೆ ಹತ್ತುವುದಿಲ್ಲವೆಂಬ ನಿರ್ಧಾರಕ್ಕೆ ಬಂದಿದ್ದಳು. ಪರೀಕ್ಷಿಸಿ ನೋಡಿದಾಗ ತಿಳಿದುದೇನು? ಆ ಯಂತ್ರದಲ್ಲಿ ಆಪರೇಟಿಂಗ್ ವ್ಯವಸ್ಥೆಯ ತಿರುಳು, ಅಂದರೆ ಕರ್ನೆಲ್, 64 ಬಿಟ್ಟಿನದು. ಅದರ ಮೇಲಿನ ಕಂಪೈಲರೂ ಉಳಿದೆಲ್ಲ ಪ್ರೋಗ್ರಾಮುಗಳೂ 32 ಬಿಟ್ಟಿನವು. ಇಂಥ ಜೋಡಣೆ ಈ ಯಂತ್ರಗಳಲ್ಲಿ ಅಪರೂಪವೇನಲ್ಲ. ಬಿಲ್ಡ್ ವ್ಯವಸ್ಥೆಯು ಯುನೇಮ್ ಎಂಬ ಆದೇಶದಿಂದ ಕರ್ನೆಲ್ಲನ್ನು ಹೆಸರು ಕೇಳಿತು. ಕರ್ನೆಲ್ ಸತ್ಯವನ್ನೇ ನುಡಿಯಿತು. ಬಿಲ್ಡ್ ವ್ಯವಸ್ಥೆ 64 ಬಿಟ್ಟಿನ ಆದೇಶಗಳಿದ್ದ ಕಡತಗಳನ್ನು ತಂದು 32 ಬಿಟ್ಟಿನ ಕಂಪೈಲರಿನ ಮುಂದೆ ಸುರಿಯಿತು. ಯಾರೂ ಸುಳ್ಳಾಡಲಿಲ್ಲ, ಕೇಳಬಾರದವರನ್ನು ಕೇಳಿದುದೇ ತಪ್ಪಾಯಿತು.

ಹೆಸರನ್ನು ಕೇಳುವ ಪದ್ಧತಿ ಹೇಗೆ ಬೆಳೆಯಿತೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಆಟೋಕಾನ್ಫಿನ ಜೊತೆಯಲ್ಲಿ ಕಾನ್ಫಿಗ್ ಗೆಸ್ ಎಂಬ ಸಣ್ಣ ಕಡತವೊಂದು ಬರುತ್ತದೆ. ಹೆಸರೇ ಹೇಳುವಂತೆ ಅದು ಊಹೆಗಾರ. ಯಂತ್ರವನ್ನು ವಿಚಾರಿಸಿ, ಪ್ರೊಸೆಸರು, ತಯಾರಕ, ಆಪರೇಟಿಂಗ್ ವ್ಯವಸ್ಥೆ ಎಂಬ ಮೂರು ಭಾಗಗಳುಳ್ಳ ಒಂದು ಹೆಸರನ್ನು ಅದು ಹೊಸೆಯುತ್ತದೆ. ಮೋಟಾರಿನ ತಗಡಿಗೂ ಇದಕ್ಕೂ ಇರುವ ಹೋಲಿಕೆ ಓದುಗರಿಗೆ ಹೊಳೆದಿರಬಹುದು. ತಯಾರಕನ ಜಾಗದಲ್ಲಿ ಅನೇಕ ವೇಳೆ 'ಅನ್‌ನೋನ್', ಅಂದರೆ ಅಜ್ಞಾತ, ಎಂದೇ ಇರುತ್ತದೆ. ಅದರಿಂದ ಇಂದಿನವರೆಗೆ ಯಾರಿಗೂ ತೊಂದರೆಯಾದಂತಿಲ್ಲ!

ಆದರೆ ಪ್ರೊಸೆಸರಿನ ಜಾಗದಲ್ಲಿ ಅಜ್ಞಾತ ಹೆಸರು ಬಂದರೆ ಕಥೆಯೇ ಬೇರೆ. ಈ ಊಹೆಗಾರನ ಒಂದೊಂದು ನಕಲು ಸಾವಿರಾರು ಪ್ರೋಗ್ರಾಮುಗಳ ಗಂಟಿನೊಳಗೆ ಸೇರಿಹೋಗಿದೆ. 2011ರಲ್ಲಿ ಆರ್ಮ್ ಕಂಪೆನಿಯು 64 ಬಿಟ್ಟಿನ ಹೊಸ ವಿನ್ಯಾಸವನ್ನು ಪ್ರಕಟಿಸಿದಾಗ, ಅದಕ್ಕೆ ಮುಂಚಿನ ನಕಲುಗಳಿಗೆ ಆ ಹೆಸರು ತಿಳಿದಿರಲು ಸಾಧ್ಯವಿರಲಿಲ್ಲ. 'ವ್ಯವಸ್ಥೆಯ ಬಗೆಯನ್ನು ಊಹಿಸಲಾಗಲಿಲ್ಲ' ಎಂದು ಹೇಳಿ ಅವು ಬಾಗಿಲು ಮುಚ್ಚಿದವು. ಒಳಗಿದ್ದ ಪ್ರೋಗ್ರಾಮಿನಲ್ಲಿ ಆ ಪ್ರೊಸೆಸರಿಗೆ ಒಗ್ಗದ ಒಂದು ಸಾಲೂ ಇಲ್ಲದಿದ್ದಾಗಲೂ ಹೀಗೆಯೇ! ಡೆಬಿಯನ್ ಮೊದಲಾದ ಲಿನಕ್ಸ್ ಸಂಗ್ರಹಗಳವರು ಪ್ರತಿಯೊಂದು ಗಂಟನ್ನೂ ಬಿಚ್ಚಿ ಹೊಸ ಊಹೆಗಾರನನ್ನು ಒಳಗಿಡಬೇಕಾಯಿತು. ಮುಂದೆ ರಿಸ್ಕ್-ಫೈವ್ ಬಂದಾಗ ಅದೇ ಕೆಲಸ ಮತ್ತೊಮ್ಮೆ. ಮದರಾಸಿನ ಐ.ಐ.ಟಿ.ಯ ಶಕ್ತಿ, ತಿರುವನಂತಪುರದ ಸಿಡ್ಯಾಕ್‌ನ ವೇಗ, ನಮ್ಮ ದೇಶದಲ್ಲಿಯೇ ರೂಪುಗೊಂಡ ಈ ಪ್ರೊಸೆಸರುಗಳೆರಡೂ ರಿಸ್ಕ್-ಫೈವ್ ವಂಶದವೆಂಬುದನ್ನು ನೆನೆದರೆ, ಈ ಬಾಗಿಲು ಕಾಯುವವರ ವಿಷಯ ನಮಗೆ ದೂರದ್ದಲ್ಲವೆಂದು ತಿಳಿಯುತ್ತದೆ.

ಕಂಪೈಲರಿನ ಹೆಸರನ್ನು ಕೇಳುವಲ್ಲಿ ಇನ್ನೂ ಸ್ವಾರಸ್ಯವಾದ ಫಲ ದೊರೆತಿದೆ. ಪ್ರತಿಯೊಂದು ಕಂಪೈಲರೂ ತನ್ನ ಗುರುತಿಗಾಗಿ ಕೆಲವು ಸಂಕೇತಗಳನ್ನು ಮೊದಲೇ ಸ್ಥಾಪಿಸಿಕೊಂಡಿರುತ್ತದೆ. ಗ್ನೂ ಕಂಪೈಲರಿಗೆ ತನ್ನದೇ ಒಂದು ಸಂಕೇತವಿದೆ. 'ಗ್ನೂ ಆಗಿದ್ದರೆ ಈ ಸೌಕರ್ಯವನ್ನು ಬಳಸು, ಇಲ್ಲದಿದ್ದರೆ ಬಿಡು' ಎಂದು ಜನರು ಪ್ರೋಗ್ರಾಮುಗಳಲ್ಲಿ ಬರೆದರು. ಮುಂದೆ ಕ್ಲ್ಯಾಂಗ್ ಎಂಬ ಕಂಪೈಲರ್ ಹುಟ್ಟಿತು. ಗ್ನೂವಿನ ಸೌಕರ್ಯಗಳಲ್ಲಿ ಬಹುಭಾಗ ಅದರಲ್ಲಿಯೂ ಇದ್ದವು. ನಿಜ ಹೇಳಿದರೆ ಒಳಗೆ ಬಿಡುವವರಿಲ್ಲ. ಆದ್ದರಿಂದ ಅದು ತಾನು ಗ್ನೂ 4.2.1 ಎಂದು ಹೇಳತೊಡಗಿತು. ಇಂಟೆಲ್ಲಿನ ಕಂಪೈಲರೂ ಗ್ನೂವಿನ ಸಂಕೇತವನ್ನು ಧರಿಸಿತು. ಗ್ನೂ 4.2.1 ಹೊರಬಂದುದು 2007ರಲ್ಲಿ. ಕ್ಲ್ಯಾಂಗ್ ಆ ಮೇಲೆ ಎಷ್ಟೋ ಬೆಳೆದಿದ್ದರೂ ಆ ಹಳೆಯ ವೇಷವನ್ನು ಕಳಚಿಲ್ಲ. ಈಗ ಸಿಮೇಕ್ ನಿಜವಾದ ಗ್ನೂವನ್ನು ಗುರುತಿಸಬೇಕಾದರೆ, ಮೊದಲು 'ನೀನು ಕ್ಲ್ಯಾಂಗ್ ಅಲ್ಲವಷ್ಟೆ?' ಎಂದು ಕೇಳಿ, ಇಲ್ಲವೆಂದ ಮೇಲೆಯೇ ಗ್ನೂವಿನ ಪ್ರಶ್ನೆಗೆ ಬರಬೇಕಾಗಿದೆ. ಮೈಕ್ರೋಸಾಫ್ಟ್ ವ್ಯವಸ್ಥೆಯಲ್ಲಿ 'ವಿನ್ 32' ಎಂಬ ಸಂಕೇತವು 64 ಬಿಟ್ಟಿನ ಯಂತ್ರದಲ್ಲಿಯೂ ಇರುವುದು ಇದೇ ಬಗೆಯ ವಿಚಿತ್ರ. ಹೆಸರನ್ನು ಮಾತ್ರ ಕೇಳುವ ಬಾಗಿಲಿನಲ್ಲಿ ಹೆಸರು ಬದಲಾಯಿಸಿಕೊಂಡು ಬರುವವರು ಹುಟ್ಟುತ್ತಾರೆ; ಇದರಲ್ಲಿ ಬಂದವರಿಗಿಂತ ಕೇಳಿದವರ ತಪ್ಪೇ ಹೆಚ್ಚೆಂದು ನಮಗೆ ತೋರುತ್ತದೆ.

ಚಿನ್ನದ ಸೀಮೆಯವರಿಗೆ ಇದಕ್ಕೆ ಪರಿಹಾರವನ್ನು ಹೇಳಿಕೊಡಬೇಕಾಗಿಲ್ಲ. ಅಕ್ಕಸಾಲಿ ಒಡವೆಯ ಹೆಸರನ್ನು ಕೇಳುವುದಿಲ್ಲ, ಒರೆಗಲ್ಲಿಗೆ ಹಚ್ಚುತ್ತಾನೆ. ಅದಿರಿನ ಪರೀಕ್ಷೆಯಲ್ಲಿಯೂ, ಮಾದರಿಯನ್ನು ಸೀಸದೊಡನೆ ಕರಗಿಸಿ, ಮೂಳೆಬೂದಿಯ ಬಟ್ಟಲಿನಲ್ಲಿಟ್ಟು ಕಾಯಿಸಿ, ಸೀಸ ಇಂಗಿಹೋದ ಮೇಲೆ ಉಳಿಯುವ ಗುಂಡನ್ನು ತೂಗಿ, ಬೆಳ್ಳಿಯನ್ನು ನೈಟ್ರಿಕ್ ಆಮ್ಲದಿಂದ ಬೇರ್ಪಡಿಸಿ ಚಿನ್ನವೆಷ್ಟೆಂಬುದನ್ನು ನಿರ್ಧರಿಸುತ್ತಾರೆ. ಯಾವ ಗಣಿಯಿಂದ ಬಂದುದೆಂಬ ಚೀಟಿಯನ್ನು ಓದಿ ಯಾರೂ ತೃಪ್ತರಾಗುವುದಿಲ್ಲ.

ಆಟೋಕಾನ್ಫಿನ ನಿಜವಾದ ಹಿರಿಮೆ ಇರುವುದು ಊಹೆಗಾರನಲ್ಲಿ ಅಲ್ಲ, ಇಂಥ ಒರೆಯಲ್ಲಿ. ಒಂದು ಸೌಕರ್ಯ ಇದೆಯೇ ಎಂದು ತಿಳಿಯಲು, ಅದನ್ನು ಬಳಸುವ ನಾಲ್ಕು ಸಾಲಿನ ಪ್ರೋಗ್ರಾಮೊಂದನ್ನು ಬರೆದು ಕಂಪೈಲರಿಗೆ ಕೊಡುತ್ತದೆ. ಕಂಪೈಲರ್ ಒಪ್ಪಿದರೆ ಇದೆ, ಒಪ್ಪದಿದ್ದರೆ ಇಲ್ಲ. ಕಂಪೈಲರಿನ ಹೆಸರು ಏನಾದರೆ ಏನು?

ಇಲ್ಲಿ ಬುದ್ಧಿವಂತ ವಿದ್ಯಾರ್ಥಿ ಒಂದು ಆಕ್ಷೇಪವನ್ನು ಎತ್ತಬಹುದು. ಪ್ರೋಗ್ರಾಮನ್ನು ಕಟ್ಟುವ ಯಂತ್ರ ಒಂದು, ಅದು ನಡೆಯುವ ಯಂತ್ರ ಇನ್ನೊಂದು ಆದರೆ ಒರೆಗೆ ಹಚ್ಚುವುದೆಂತು? ಆಕ್ಷೇಪ ಸರಿಯಾದುದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯ ಎಂಜಿನಿಯರುಗಳೂ ಕೂಡಿ ಈ ಶತಮಾನದ ಆದಿಯಲ್ಲಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕವನ್ನು ತೆಗೆದುಕೊಳ್ಳಿ. ಅದರಲ್ಲಿದ್ದುದು ಸ್ಟ್ರಾಂಗ್ ಆರ್ಮ್ ಪ್ರೊಸೆಸರು, ಮೇಲೆ ಲಿನಕ್ಸ್. ಇಂಥ ಪುಟ್ಟ ಯಂತ್ರದಲ್ಲಿಯೇ ಕುಳಿತು ಕಂಪೈಲರನ್ನು ನಡೆಸುವುದು ಪ್ರಯಾಸದ ಕೆಲಸ. ಮೇಜಿನ ಮೇಲಿನ ಇಂಟೆಲ್ ಗಣಕದಲ್ಲಿ ಆರ್ಮ್‌ನ ಆದೇಶಗಳನ್ನು ಸಿದ್ಧಪಡಿಸಿ ಸಾಗಿಸುವುದೇ ವಾಡಿಕೆ. ಹೀಗೆ ಸಿದ್ಧವಾದ ಪ್ರೋಗ್ರಾಮು ಮೇಜಿನ ಗಣಕದಲ್ಲಿ ಓಡಲಾರದು.

ಆದರೆ ಓಡಿಸದೆಯೂ ಅಳೆಯಲು ಉಪಾಯಗಳುಂಟು, ಮತ್ತು ಅವು ಬಹಳ ಸೊಗಸಾಗಿವೆ. ಆ ಪರಕೀಯ ಯಂತ್ರದಲ್ಲಿ 'ಲಾಂಗ್' ಎಂಬ ಸಂಖ್ಯೆಗೆ ಎಷ್ಟು ಬೈಟುಗಳೆಂದು ತಿಳಿಯಬೇಕೆನ್ನೋಣ. ಸಿ ಭಾಷೆಯಲ್ಲಿ ಸಂಖ್ಯೆಗಳ ಸಾಲೊಂದನ್ನು ಘೋಷಿಸುವಾಗ ಅದರ ಉದ್ದ ಸೊನ್ನೆಗಿಂತ ಕಡಿಮೆಯಾಗಿದ್ದರೆ ಕಂಪೈಲರ್ ಒಪ್ಪುವುದಿಲ್ಲ. ಆದಕಾರಣ 'ಲಾಂಗ್ ನಾಲ್ಕಕ್ಕಿಂತ ದೊಡ್ಡದಲ್ಲದಿದ್ದರೆ ಉದ್ದ ಒಂದು, ದೊಡ್ಡದಾದರೆ ಉದ್ದ ಋಣ ಒಂದು' ಎಂಬಂತೆ ಒಂದು ಸಾಲನ್ನು ಬರೆದುಕೊಟ್ಟರಾಯಿತು. ಕಂಪೈಲರ್ ತಪ್ಪೆಂದು ಕೂಗಿದರೆ ಲಾಂಗ್ ನಾಲ್ಕಕ್ಕಿಂತ ದೊಡ್ಡದು. ಹೀಗೆಯೇ ಸಂಖ್ಯೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತ, ಅಂತರವನ್ನು ಅರ್ಧರ್ಧವಾಗಿ ಕುಗ್ಗಿಸುತ್ತ ಹೋದರೆ ಕೆಲವೇ ಪ್ರಯತ್ನಗಳಲ್ಲಿ ಸರಿಯಾದ ಉತ್ತರ ಸಿಕ್ಕುತ್ತದೆ. ಪರರ ಯಂತ್ರವನ್ನು ಕಣ್ಣಿನಿಂದ ನೋಡದೆಯೇ, ಕಂಪೈಲರಿನ ಹೌದು ಅಲ್ಲಗಳಿಂದಲೇ ಅದರ ಅಳತೆ ತೆಗೆದಂತಾಯಿತು! ಸಿಮೇಕಿನ ಉಪಾಯ ಇನ್ನೊಂದು ಬಗೆಯದು. ತನಗೆ ಬೇಕಾದ ವಿವರವು ಅಕ್ಷರಗಳಾಗಿ ಒಳಗೆ ಉಳಿಯುವಂತೆ ಒಂದು ಪುಟ್ಟ ಪ್ರೋಗ್ರಾಮನ್ನು ಕಂಪೈಲ್ ಮಾಡಿಸಿ, ಸಿದ್ಧವಾದ ಕಡತವನ್ನು ಓಡಿಸದೆ, ಬರಿಯ ಕಾಗದದಂತೆ ತೆರೆದು ಆ ಅಕ್ಷರಗಳನ್ನು ಓದಿಕೊಳ್ಳುತ್ತದೆ. ಇಲ್ಲಿ ಕೇಳುವುದು ಹೆಸರನ್ನೇ ಆದರೂ, ಉತ್ತರ ಕೊಡುವುದು ಕರ್ನೆಲ್ ಅಲ್ಲ, ಕೆಲಸ ಮಾಡಬೇಕಾದ ಕಂಪೈಲರೇ ಎಂಬುದು ಗಮನಾರ್ಹ.

ಹೆಸರು ಪೂರ್ತಿ ಬೇಡವೆಂದು ನಾವು ವಾದಿಸುವುದಿಲ್ಲ. ಬೇರೆ ಯಂತ್ರಕ್ಕಾಗಿ ಕಟ್ಟುವಾಗ ಅದು ಯಾವುದೆಂದು ಮನುಷ್ಯನೇ ಹೇಳಬೇಕು. ಅದನ್ನು ಯಾವ ಒರೆಯೂ ಕಂಡುಹಿಡಿಯಲಾರದು. ನಿರ್ದಿಷ್ಟ ಕಂಪೈಲರಿನ ನಿರ್ದಿಷ್ಟ ಆವೃತ್ತಿಯು ಒಪ್ಪಿಕೊಂಡೂ ತಪ್ಪು ಆದೇಶಗಳನ್ನು ಕೊಡುತ್ತದೆಂದು ಅನುಭವದಿಂದ ತಿಳಿದಿದ್ದರೆ, ಅಲ್ಲಿಯೂ ಹೆಸರೇ ಗತಿ. ಒರೆಗೆ ಹಚ್ಚುವುದಕ್ಕೆ ಹೊತ್ತು ಬೇಕೆಂಬುದೂ ನಿಜ. ಆಟೋಕಾನ್ಫ್ ನೂರಾರು ಸಣ್ಣ ಪರೀಕ್ಷೆಗಳನ್ನು ನಡೆಸುತ್ತಿರುವಾಗ ಎದ್ದು ಹೋಗಿ ಕಾಫಿ ಕುಡಿದು ಬಂದವರೆಷ್ಟೋ ಮಂದಿ. ನಮ್ಮ ತಕರಾರಿರುವುದು, ಗೊತ್ತಿಲ್ಲದ ಹೆಸರು ಕಂಡೊಡನೆ ಪರೀಕ್ಷೆಗೂ ಅವಕಾಶವಿಲ್ಲದೆ ಬಾಗಿಲು ಹಾಕುವ ಕ್ರಮಕ್ಕೆ. ದೊಡ್ಡ ಕಂಪೆನಿಯ ಹೊಸ ಪ್ರೊಸೆಸರಿನ ಹೆಸರು ಎಲ್ಲ ಪಟ್ಟಿಗಳಿಗೂ ಬೇಗನೆ ಸೇರುತ್ತದೆ, ಅದಕ್ಕೆ ಆಳುಗಳಿದ್ದಾರೆ. ಕಾಲೇಜಿನ ಪ್ರಯೋಗಾಲಯದಲ್ಲಿ ಹುಟ್ಟಿದ ಯಂತ್ರಕ್ಕೆ ಯಾರಿದ್ದಾರೆ? 'ಈ ಹೆಸರು ನನಗೆ ತಿಳಿಯದು. ಆದರೂ ಪ್ರಯತ್ನಿಸುತ್ತೇನೆ' ಎಂದು ಎಚ್ಚರಿಕೆ ಕೊಟ್ಟು ಮುಂದುವರಿಯುವ ಬಿಲ್ಡ್ ವ್ಯವಸ್ಥೆಯನ್ನು ಬರೆಯುವುದು ಕಷ್ಟವಲ್ಲ. ಮುಂದೆ ಪ್ರೋಗ್ರಾಮುಗಳನ್ನು ಬರೆದು ಲೋಕಕ್ಕೆ ಹಂಚಲಿರುವ ನಮ್ಮ ವಿದ್ಯಾರ್ಥಿ ಓದುಗರು ಹಾಗೆ ಬರೆಯಬೇಕೆಂದು ನಾವು ಕೇಳಿಕೊಳ್ಳುತ್ತೇವೆ.

ಉರಿಗಾಮಿನ ವಿದ್ಯಾರ್ಥಿನಿ ಕಡೆಗೆ ಬದಲಿಸಿದುದು ಒಂದೇ ಸಾಲು. ಕರ್ನೆಲ್ಲನ್ನು ಕೇಳುತ್ತಿದ್ದ ಪ್ರಶ್ನೆಯನ್ನು ತೆಗೆದು, 'ನೀನು ಯಾವ ಯಂತ್ರಕ್ಕೆ ಆದೇಶಗಳನ್ನು ಕೊಡುತ್ತೀ?' ಎಂದು ಕಂಪೈಲರನ್ನೇ ಕೇಳುವಂತೆ ಮಾಡಿದಳು. ಗ್ನೂ ಕಂಪೈಲರಿಗೆ 'ಡಂಪ್ ಮಷೀನ್' ಎಂಬ ಸೂಚನೆ ಕೊಟ್ಟರೆ ಅದು ಒಂದೇ ಸಾಲಿನಲ್ಲಿ ಉತ್ತರ ಹೇಳುತ್ತದೆ. ಪ್ರೋಗ್ರಾಮು ಹನ್ನೆರಡು ನಿಮಿಷಗಳಲ್ಲಿ ಸಿದ್ಧವಾಯಿತು. ಆ ತಿದ್ದುಪಡಿಯನ್ನು ಅದರ ಕರ್ತೃಗಳಿಗೆ ಕಳುಹಿಸಿದ್ದಾಳೆ.