ಟವರ್ ಬಂದಾದ ದಿನ ಯಾರಿಗೆ ಫೋನ್ ಮಾಡುತ್ತೀರಿ?

ಮೊದಲೇ ಹೇಳಿಬಿಡುತ್ತೇವೆ. ಬೆಳಂಬಾರದಂಥ ಕರಾವಳಿ ಊರಿನವರು ಮಳೆಗಾಲದಲ್ಲಿ ಮೊಬೈಲ್ ಒಂದನ್ನೇ ನಂಬಿ ಕೂರುವುದು ತಪ್ಪು. ಬೇರೆ ದಾರಿ ಇದ್ದೂ ಅದನ್ನು ಹಳ್ಳಿಗೆ ತಲುಪಿಸದ ಸರ್ಕಾರದ್ದು ಇನ್ನೂ ದೊಡ್ಡ ತಪ್ಪು.

ನಮ್ಮಲ್ಲಿ ಇಬ್ಬರ ಹತ್ತಿರ ಎರಡು ಬ್ಯಾಂಡಿನ ಹ್ಯಾಮ್ ರೇಡಿಯೊ ಸೆಟ್ ಇದೆ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರೆ ಸಾಕು, ದಾರಿಯುದ್ದಕ್ಕೂ ಒಂದೇ ಪ್ರಶ್ನೆ: "ಎಂತದ್ರಾ ತಮಾ ಅದು, ಪೊಲೀಸರ ಸೆಟ್ಟಾ?" ಅಲ್ಲ. ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಲೈಸೆನ್ಸ್ ಪಡೆದು, ನಮ್ಮದೇ ಕರೆಸಂಕೇತ ಹೇಳಿ ಮಾತಾಡುವ ಸೆಟ್. ನಮ್ಮ ದೇಶದಲ್ಲಿ ಹವ್ಯಾಸಿಗಳಿಗೆ ಬಿಟ್ಟಿರುವ 144–146 ಮತ್ತು 434–438 ಮೆಗಾಹರ್ಟ್ಸ್‌ನಲ್ಲಿ ಇದು ಕೆಲಸ ಮಾಡುತ್ತದೆ. ಶಕ್ತಿ 5 ವಾಟ್, ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟು.

"ಮೊಬೈಲ್ ಇದೆಯಲ್ಲ, ಈ ಆಟಿಕೆ ಯಾಕೆ?" ಎನ್ನುವವರಿಗೆ ಒಂದು ಮಾತು. ನಿಮ್ಮ ಮೊಬೈಲ್ ಪಕ್ಕದ ಮನೆಗೆ ಮಾತಾಡಬೇಕಾದರೂ ಟವರ್ ಬೇಕು. ಟವರಿಗೆ ಕರೆಂಟ್ ಬೇಕು, ಕರೆಂಟ್ ಹೋದರೆ ಬ್ಯಾಟರಿ ಬೇಕು, ಬ್ಯಾಟರಿ ಮುಗಿದರೆ ಡೀಸೆಲ್ ಬೇಕು. ನೆಲದಡಿಯ ಕೇಬಲ್ ತುಂಡಾದರೆ ಇವೆಲ್ಲ ಇದ್ದೂ ಪ್ರಯೋಜನವಿಲ್ಲ. ನಮ್ಮ ಎರಡು ಸೆಟ್‌ಗಳ ನಡುವೆ ಗಾಳಿ ಬಿಟ್ಟರೆ ಬೇರೇನೂ ಇಲ್ಲ.

2024ರ ಜುಲೈ 16ನ್ನು ನಾವ್ಯಾರೂ ಮರೆತಿಲ್ಲ. ನಮ್ಮದೇ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಜರಿಯಿತು. ಮಣ್ಣು ಗಂಗಾವಳಿಗೆ ನುಗ್ಗಿತು. ಎದ್ದ ನೀರು ಎದುರು ದಡದ ಉಳುವರೆಯ ಮನೆಗಳನ್ನೂ ಬಿಡಲಿಲ್ಲ. ಆ ಮಳೆಯಲ್ಲಿ ಸುದ್ದಿಗಾಗಿ ಓಡಾಡಿದ ನಾವು ಎಷ್ಟೋ ಹೊತ್ತು ಮನೆಯವರಿಗೇ ಸಿಗಲಿಲ್ಲ. "ಬದುಕಿದ್ದೇವೆ" ಎಂಬ ಒಂದು ಮಾತು ಹೇಳಲು ಕಿಲೋಮೀಟರ್‌ಗಟ್ಟಲೆ ಬೈಕ್ ಓಡಿಸಬೇಕಾಯಿತು. ಪರೀಕ್ಷೆ ಬರೆಯಲೇಬೇಕು ಎಂದು ನಿರ್ಧರಿಸಿದ್ದು ಅವತ್ತು.

ಈ ಸೆಟ್ಟಿನ ಮಿತಿಯನ್ನೂ ಹೇಳಬೇಕು. ಬಯಲಿನಲ್ಲಿ ಕೆಲವು ಕಿಲೋಮೀಟರ್, ಎತ್ತರದಲ್ಲಿ ನಿಂತರೆ ಅದಕ್ಕಿಂತ ಹೆಚ್ಚು. ಗುಡ್ಡ ಅಡ್ಡ ಬಂದರೆ ಮಾತು ಅಲ್ಲೇ ನಿಲ್ಲುತ್ತದೆ. ಗುಡ್ಡದ ಮೇಲೊಂದು ರಿಪೀಟರ್ ಇಟ್ಟರೆ ಅದೇ 5 ವಾಟ್ ಸೆಟ್ ತಾಲ್ಲೂಕಿನ ಬಹುಭಾಗ ಮುಟ್ಟಬಲ್ಲದು. ಇದರಲ್ಲಿ ವ್ಯಾಪಾರದ ಮಾತು ಆಡುವಂತಿಲ್ಲ; ಮೀನಿನ ದರ ಕೇಳುವಂತಿಲ್ಲ. ಆನ್‌ಲೈನಿನಲ್ಲಿ ಅಗ್ಗದ ಸೆಟ್ ತರಿಸಿ ದೋಣಿಗೆ ಒಯ್ಯುವ ಅಣ್ಣಂದಿರೇ, ದಯವಿಟ್ಟು ಬೇಡ. ಸಮುದ್ರಕ್ಕೆ ಬೇರೆಯೇ ಮರೈನ್ ವಿಎಚ್‌ಎಫ್ ಸೆಟ್ ಇದೆ. ಅದರ 16ನೇ ಚಾನೆಲ್ ಅಪಾಯದ ಕರೆಗೆಂದೇ ಇದೆ. ಲೈಸೆನ್ಸ್ ಇಲ್ಲದೆ ಹ್ಯಾಮ್ ಸೆಟ್ ಇಟ್ಟುಕೊಳ್ಳುವುದೇ ಅಪರಾಧ.

"ಇತ್ತ ಅರಗಾದ ನೌಕಾನೆಲೆ, ಅತ್ತ ಕೈಗಾ. ಇಲ್ಲಿ ಎಲ್ಲರ ಕೈಗೂ ರೇಡಿಯೊ ಕೊಟ್ಟರೆ ಹೇಗೆ?" ಎಂದೂ ಕೇಳುತ್ತಾರೆ. ಎಲ್ಲರ ಕೈಗೂ ಕೊಡಿ ಎಂದು ನಾವೆಲ್ಲಿ ಹೇಳಿದೆವು? ಲೈಸೆನ್ಸ್ ಇರುವವನ ಹೆಸರು, ವಿಳಾಸ ಸರ್ಕಾರದ ಬಳಿ ಇರುತ್ತದೆ. ಅವನು ಗುಪ್ತ ಭಾಷೆಯಲ್ಲಿ ಮಾತಾಡುವಂತಿಲ್ಲ. ಆಡಿದ್ದನ್ನು ಯಾರೂ ಕೇಳಬಹುದು. ಕದ್ದು ಸೆಟ್ ತರಿಸುವವನಿಗಿಂತ ಇವನು ಅಪಾಯಕಾರಿಯೇ?

2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನಿಗೆ ಬಡಿದಾಗ ಹ್ಯಾಮ್ ಆಪರೇಟರ್ ಭಾರತಿ ಪ್ರಸಾದ್ ಪೋರ್ಟ್ ಬ್ಲೇರ್‌ನಲ್ಲಿದ್ದರು. ಹೋಗಿದ್ದು ಹವ್ಯಾಸಕ್ಕೆ. ಫೋನ್ ಸತ್ತ ಆ ದಿನಗಳಲ್ಲಿ ದ್ವೀಪದವರ ಕ್ಷೇಮಸಮಾಚಾರ ಹೊರಗೆ ತಲುಪಿಸಿದ್ದು ಅವರ ರೇಡಿಯೊ. ಅವರದ್ದು ದೂರಕ್ಕೆ ಮುಟ್ಟುವ ದೊಡ್ಡ ಸೆಟ್, ನಿಜ. ಆದರೆ ಉಪಯೋಗಕ್ಕೆ ಬಂದದ್ದು ಸೆಟ್ ಒಂದೇ ಅಲ್ಲ, ಅದನ್ನು ನಡೆಸಲು ಬಲ್ಲವರು ಅಲ್ಲೇ ಇದ್ದದ್ದು.

ಹಾಗಾದರೆ ನಮ್ಮ ಊರಲ್ಲಿ ಬಲ್ಲವರು ಯಾಕಿಲ್ಲ? 12 ವರ್ಷ ತುಂಬಿದ ಯಾರೂ ಪರೀಕ್ಷೆ ಬರೆಯಬಹುದು. ಕೆಳಗಿನ ದರ್ಜೆಗೆ ಮೋರ್ಸ್ ಸಂಕೇತವೂ ಬೇಡ. ಆದರೆ ನಾವು ಜಿಲ್ಲೆ ದಾಟಿ ಹೋಗಿ ಬರೆಯಬೇಕಾಯಿತು. ಪ್ರಶ್ನೆಪತ್ರಿಕೆಯಲ್ಲಿ ಕನ್ನಡದ ಒಂದಕ್ಷರ ಇರಲಿಲ್ಲ. ಪಾಸಾದ ಮೇಲೂ ಲೈಸೆನ್ಸ್ ಕೈಗೆ ಬರಲು ತಿಂಗಳುಗಟ್ಟಲೆ ಕಾದೆವು. ಐಟಿಐ ಓದುವ ನಮ್ಮೂರ ಹುಡುಗ, ಸ್ವಸಹಾಯ ಸಂಘ ನಡೆಸುವ ಅಕ್ಕ ಇಷ್ಟೆಲ್ಲ ಯಾಕೆ ಮಾಡುತ್ತಾರೆ?

ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ನಮ್ಮ ಬೇಡಿಕೆ ಇಷ್ಟೇ. ಕೇಂದ್ರದ ಇಲಾಖೆಗೆ ಬರೆದು ವರ್ಷಕ್ಕೊಮ್ಮೆ ಕಾರವಾರದಲ್ಲೇ, ಕನ್ನಡದಲ್ಲೂ ಪರೀಕ್ಷೆ ನಡೆಸುವಂತೆ ಮಾಡಿ. ಕರಾವಳಿಯ ಪ್ರತಿ ಪಂಚಾಯ್ತಿಯಿಂದ ಇಬ್ಬರಿಗೆ ತರಬೇತಿ ಕೊಡಿ. ಗುಡ್ಡದ ಮೇಲೊಂದು ರಿಪೀಟರ್ ಹಾಕಿಸಿ. ಮಳೆಗಾಲದ ಮುಂಚಿನ ಸಭೆಯಲ್ಲಿ ಚಹಾ ಕುಡಿದು ಏಳುವ ಮೊದಲು ಇದಕ್ಕೊಂದು ಉತ್ತರ ಕೊಡಿ.

ಓದುಗರೇ, ನೀವೂ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಇದನ್ನೇ ಕೇಳಿ: ಟವರ್ ಬಂದಾದ ದಿನ ನಮ್ಮ ಪಂಚಾಯ್ತಿ ಅಂಕೋಲೆಗೆ ಸುದ್ದಿ ಮುಟ್ಟಿಸುವುದು ಹೇಗೆ? ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆಸಿ. ಪರೀಕ್ಷೆಗೆ ಓದಬೇಕೆನ್ನುವವರು ನಮ್ಮಲ್ಲಿಗೆ ಬನ್ನಿ, ನಾವು ಓದಿದ ಟಿಪ್ಪಣಿ ಕೊಡುತ್ತೇವೆ.