ಜ್ಞಾನತಂದೆಯ ಹೊಣೆ

ದೀಕ್ಷಾಸ್ನಾನದ ದಿನ ಶಿಶುವಿನ ಪರವಾಗಿ ದೇವರ ಮುಂದೆ ಮಾತು ಕೊಡುವವನನ್ನು ಜ್ಞಾನತಂದೆ ಎನ್ನುತ್ತೇವಷ್ಟೆ. ಈಚೆಗೆ ಈ ಸ್ಥಾನಕ್ಕೆ ಸಿರಿವಂತರನ್ನೂ ಅಧಿಕಾರಸ್ಥರನ್ನೂ ಹುಡುಕುವ ರೂಢಿಯು ಬೆಳೆದಿದೆ. ಬೆಳ್ಳಿಯ ಬಟ್ಟಲು ಬರುತ್ತದೆ, ಭಾವಚಿತ್ರವಾಗುತ್ತದೆ, ಆ ಮೇಲೆ ಮಗುವಿನ ಸುದ್ದಿಯೇ ಅವರಿಗಿರುವುದಿಲ್ಲ. ಇದು ನನಗೆ ಸರಿಯಾಗಿ ಕಾಣುವುದಿಲ್ಲ.

ನನ್ನ ಜ್ಞಾನತಂದೆಯವರು ಮಂಗಳೂರಿನ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರು. ನಾನು ಅವರನ್ನು ದೊಡ್ಡಪ್ಪನೆಂದೇ ಕರೆಯುತ್ತಿದ್ದೆನು. ಕಿಟೆಲ್ ಪಾದ್ರಿಗಳ ನಿಘಂಟು 1894ರಲ್ಲಿ ತಮ್ಮ ಊರಿನಲ್ಲಿಯೇ ಅಚ್ಚಾಯಿತೆಂಬುದು ಅವರಿಗೆ ಮನೆತನದ ಹೆಮ್ಮೆಯಂತಿತ್ತು. ಭಾನುವಾರದ ಆರಾಧನೆ ಮುಗಿದೊಡನೆ ನನ್ನ ಬರಹದ ಪುಸ್ತಕವನ್ನು ತರಿಸಿ, ತಪ್ಪಿದ ಅಕ್ಷರವನ್ನು ಬೆರಳಿನಿಂದ ತೋರಿಸುವರು. ಆ ಬೆರಳಿನ ಮಸಿಯು ಕ್ರಿಸ್ಮಸ್ ಹಬ್ಬದಂದು ಸಹ ಹೋದುದನ್ನು ನಾನು ಕಾಣಲಿಲ್ಲ!

ಏಳನೆಯ ತರಗತಿಯ ಬಳಿಕ ನನ್ನನ್ನು ಶಾಲೆ ಬಿಡಿಸಲು ಮನೆಯಲ್ಲಿ ನಿಶ್ಚಯವಾಯಿತು. ತಮ್ಮಂದಿರಿಬ್ಬರ ಓದಿಗೇ ಹಣವು ಸಾಲದಾಗಿತ್ತು. ಸಂಗತಿ ತಿಳಿದು ದೊಡ್ಡಪ್ಪನವರು ಅಂದು ಸಂಜೆಯೇ ಬಂದರು. ತಂದೆಯವರೊಡನೆ ವಾದಿಸಲಿಲ್ಲ. “ಇವಳಿಗಾಗಿ ಮಾತು ಕೊಟ್ಟವನು ನಾನು. ದೇವರು ಲೆಕ್ಕ ಕೇಳಿದಾಗ ಏನೆನ್ನಲಿ?” ಎಂದಷ್ಟೇ ಕೇಳಿ, ಪುಸ್ತಕಗಳಿಗೂ ಉಡುಪಿಗೂ ಬೇಕಾದ ಹಣವನ್ನು ಮೇಜಿನ ಮೇಲಿಟ್ಟರು. ಮುಂದಿನ ಮೂರು ವರ್ಷಗಳೂ ಹಾಗೆಯೇ ಇಟ್ಟರು. ಅವರ ಸಂಬಳವೆಷ್ಟೆಂಬುದು ನನಗೆ ತಿಳಿದುದು ನಾನೇ ಸಂಬಳ ಪಡೆಯತೊಡಗಿದ ಮೇಲೆ.

ತಂದೆತಾಯಿಗಳೇ, ಉಡುಗೊರೆ ಕೊಡಬಲ್ಲವರನ್ನಲ್ಲ, ಇಂಥ ಸಂಜೆಯಲ್ಲಿ ನಿಮ್ಮ ಮನೆಯ ಮೆಟ್ಟಲು ಹತ್ತಬಲ್ಲವರನ್ನು ಆರಿಸಿಕೊಳ್ಳಿರಿ. ಜೂನ್ ತಿಂಗಳಲ್ಲಿ ಶಾಲೆಗೆ ಸೇರಲು ಬರುವ ಕ್ರೈಸ್ತ ಬಾಲಿಕೆಯರಿಗೆ ನಾನು ಜ್ಞಾನತಂದೆಯ ಹೆಸರನ್ನೂ ಕೇಳುವುದುಂಟು. ಹೆಚ್ಚಿನವರು ತಾಯಿಯ ಮುಖವನ್ನು ನೋಡುತ್ತಾರೆ.